ಬೇರೆ ಹಾಳೆಯ ಹೆಬ್ಬೆಟ್ಟುಗಳು

ಮೂವತ್ತೈದು ವರ್ಷ ಕಂಡವರ ಸಂಕಟವನ್ನು ಚಂದದ ಅಕ್ಷರದಲ್ಲಿ ಬರೆದುಕೊಟ್ಟವನು ನಾನು. ಈಗ ನನ್ನದೇ ಮಾತು ಬರೆಯೋಣವೆಂದು ಕೂತರೆ ಕೈ ತಾನಾಗಿಯೇ "ಅರ್ಜಿದಾರನು ಅತ್ಯಂತ ನಮ್ರತೆಯಿಂದ ಬಿನ್ನವಿಸುವುದೇನೆಂದರೆ" ಎಂದು ಓಡುತ್ತದೆ. ಎರಡು ಹಾಳೆ ಹರಿದು ಹಾಕಿ ಇದು ಮೂರನೆಯದು.

ಪುಣೆಯ ಶುಕ್ರವಾರ ಪೇಟೆಯಲ್ಲಿ, ಮಂಡಈ ಮಾರುಕಟ್ಟೆಯ ಕಾಯಿಪಲ್ಲೆ ಗದ್ದಲ ಕೇಳಿಸುವಷ್ಟು ಹತ್ತಿರ, ಒಂದು ಹಳೆಯ ವಾಡಾ ಮನೆಯ ಕಟ್ಟೆಯ ಮೇಲೆ ನನ್ನ ಮೇಜು ಇತ್ತು. ಅರ್ಜಿ ಬರೆಯುವುದು ನನ್ನ ಕಸುಬು. ಜನ ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಮರಾಠಿಯಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಈಗ ಆ ಮೇಜಿಗೆ ಟೈಪಿಂಗ್ ಕಲಿತ ಇಬ್ಬರು ಹೊಸಬರು ಬಂದಿದ್ದಾರೆ. ಹೋದ ತಿಂಗಳು ಕೀಲಿಕೈ ಕೊಡುವಾಗ ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ಸಂಸ್ಥಾನಗಳ ಜನ ಅಷ್ಟು ತಲೆಮಾರು ರಾಜನ ಮುಂದೆ ಬಾಗಿದವರು, ನಮ್ಮ ಕಾಲದಲ್ಲಿ ಒಮ್ಮೆಲೇ ತಿರುಗಿ ಬಿದ್ದದ್ದು ಯಾಕೆ? ಉತ್ತರವನ್ನೂ ಅವರೇ ಹೇಳಿದರು: ಹಸಿವು. ಯಾವುದೋ ಪುಸ್ತಕದಲ್ಲಿ ಓದಿದ್ದರಂತೆ.

ನನಗೆ ಸಿಟ್ಟು ಬಂತು. ಹಸಿದವನಿಗೆ ಪುಣೆಯ ತನಕ ಬರುವ ತ್ರಾಣವಾದರೂ ಎಲ್ಲಿಂದ ಬರಬೇಕು? ನನ್ನ ಕಟ್ಟೆಗೆ ಬಂದವರು ಹೇಳಿದ್ದೇ ಬೇರೆ. ಅದನ್ನು ಬರೆದಿಡುತ್ತೇನೆ. ಕಸುಬಿನ ನಾಲ್ಕು ಮಾತೂ ಇದರಲ್ಲಿ ಸಿಕ್ಕಾವು.

ನಾನು ಹುಟ್ಟಿದ್ದು ಬೆಳಗಾವಿ ಕಡೆಯ ಒಂದು ಪುಟ್ಟ ಸಂಸ್ಥಾನದಲ್ಲಿ, ಅರಮನೆಗೆ ಕೂಗಳತೆಯ ಹಳ್ಳಿಯಲ್ಲಿ. ಸಂಸ್ಥಾನದ ಹೆಸರು ಬರೆಯುವುದಿಲ್ಲ. ರಾಜರು ಇನ್ನೂ ಇದ್ದಾರೆ, ವಯಸ್ಸಾಗಿದೆ, ಪಾಪ. ಊರ ಪಕ್ಕದ ಹಳ್ಳ ದಾಟಿದರೆ ಇಂಗ್ಲಿಷ್ ಸರಕಾರದ ಸೀಮೆ. ನಮ್ಮದು ಕುಲಕರ್ಣಿ ಮನೆತನ. ಊರ ಬಾವಿ ಇದ್ದದ್ದು ನಮ್ಮ ಮನೆಯ ಮುಂದೆಯೇ, ಅದರ ಹಗ್ಗ ತೂಗುತ್ತಿದ್ದದ್ದು ನಮ್ಮ ಪಡಸಾಲೆಯ ಗೂಟಕ್ಕೆ. ಬೆಳಗಾದರೆ ಹಗ್ಗ ಹೊರಗೆ, ಸಂಜೆಯಾದರೆ ಒಳಗೆ. ಯಾವ ಕೈ ಆ ಹಗ್ಗ ಮುಟ್ಟಬೇಕು, ಯಾವುದು ಮುಟ್ಟಬಾರದು ಎಂಬುದನ್ನು ಯಾರೂ ನನಗೆ ಕಲಿಸಲಿಲ್ಲ. ಉಣ್ಣುವುದನ್ನು ಕಲಿತ ಹಾಗೆ ಅದನ್ನೂ ಕಲಿತಿದ್ದೆ. ಅಪ್ಪನ ನಂತರ ಅಣ್ಣ ಕುಲಕರ್ಣಿಯಾದ. ನಾನು ಮ್ಯಾಟ್ರಿಕ್ ಮುಗಿಸಿ, ಅಣ್ಣನ ಬೈಗುಳ ತಡೆಯಲಾರದೆ ಪುಣೆಗೆ ಬಂದೆ.

ನನಗೆ ಕಸುಬು ಕಲಿಸಿದವರು ತಾತ್ಯಾ ಎಂಬ ಮರಾಠಿ ಹಿರಿಯರು. ತಲೆಗೆ ಕೆಂಪು ಪಗಡಿ, ಬಾಯಲ್ಲಿ ಸದಾ ಅಡಿಕೆ, ಮೂಗಿನ ಮೇಲೆ ಸಿಟ್ಟು. ಅರ್ಜಿಯಲ್ಲಿ ಅಳುವುದಕ್ಕೆ ಒಂದೇ ಸಾಲು ಎಂಬುದು ಅವರ ಮೊದಲ ನಿಯಮ. ಒಂದು ಕಾಗದಕ್ಕೆ ಒಂದೇ ದೂರು ಎಂಬುದು ಎರಡನೆಯದು. ಮೂರನೆಯದನ್ನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು: ಬರೆಯುವವನ ಹೆಸರಾಗಲಿ ಗುರುತಾಗಲಿ ಕಾಗದದ ಮೇಲೆ ಬೀಳಕೂಡದು, ಜಗಳ ಅವರದು, ನಮ್ಮದು ಬರೀ ಶಾಯಿ.

ಮೊದಲ ನಿಯಮ ಮುರಿದು ನಾನು ಮಾಡಿದ ಮೊದಲ ತಪ್ಪನ್ನು ಹೇಳಿಬಿಡುತ್ತೇನೆ, ಮುಂದಿನದಕ್ಕೆ ಧೈರ್ಯ ಬರಲಿ. ನಮ್ಮ ಸಂಸ್ಥಾನದ ಒಬ್ಬ ಗಾಣಿಗನ ಎತ್ತನ್ನು ಅರಮನೆಯವರು ಮೆರವಣಿಗೆಯ ಬಂಡಿಗೆಂದು ಹೊಡೆದುಕೊಂಡು ಹೋಗಿದ್ದರು, ಮರಳಿ ಕೊಡಲಿಲ್ಲ. ನಾನು ನಾಲ್ಕು ಪುಟ ಬರೆದೆ. ಎತ್ತಿನ ಗುಣ, ಗಾಣ ನಿಂತ ಮೌನ, ಹೆಂಡತಿಯ ಕಣ್ಣೀರು. ಬರೆಯುತ್ತಾ ನಾನೇ ಅತ್ತೆ. ಎರಡು ತಿಂಗಳ ಮೇಲೆ ಕಾಗದ ತಿರುಗಿ ಬಂತು. ಬದಿಯಲ್ಲಿ ಕಚೇರಿಯ ಇಂಗ್ಲಿಷ್ ಸಾಹೇಬರು ಒಂದೇ ಮಾತು ಬರೆದಿದ್ದರು: "ಈತನಿಗೆ ಏನು ಬೇಕು?" ಎತ್ತು ವಾಪಸು ಕೊಡಿಸಿರಿ ಎಂಬ ಮಾತನ್ನೇ ನಾನು ಬರೆದಿರಲಿಲ್ಲ. ತಾತ್ಯಾ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಗಾಣಿಗನಂತೂ ಬಹಳ ಸಮಾಧಾನದಿಂದ, "ಇರ್ಲಿ ಬಿಡ್ರಿ, ನೀವು ಓದಿ ಹೇಳಿದಾಗ ಭಾಳ ಚಲೋ ಅನಿಸ್ತು" ಎಂದ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆ.

ಸಂಸ್ಥಾನದವರು ಪುಣೆಗೇ ಯಾಕೆ ಬರುತ್ತಿದ್ದರು ಎಂದು ನೀವು ಕೇಳಬಹುದು. ಊರಲ್ಲಿ ರಾಜರ ವಿರುದ್ಧ ಬರೆದುಕೊಡುವವರು ಯಾರೂ ಇರಲಿಲ್ಲ. ಬರೆದವನ ಕೈಗೂ ಬರೆಸಿದವನ ಕಾಲಿಗೂ ಕೋಳ ಬೀಳುತ್ತಿತ್ತು. ಅಲ್ಲದೆ ಮಳೆಗಾಲ ಬಂತೆಂದರೆ ಲಾಟಸಾಹೇಬರು, ಅಂದರೆ ಗವರ್ನರು, ಮುಂಬಯಿ ಬಿಟ್ಟು ಪುಣೆಗೆ ಬಂದು ಕೂಡುತ್ತಿದ್ದರು. ಹಾಗಾಗಿ ನಮ್ಮ ಕಸುಬಿಗೆ ಮಳೆಗಾಲವೇ ಸುಗ್ಗಿ. ಕಟ್ಟೆಯ ತುಂಬ ಒದ್ದೆ ಕಂಬಳಿಯ ವಾಸನೆ, ಕಾಗದ ಮೆತ್ತಗಾಗಿ ಟಾಕಿನ ಲೇಖನಿಯ ಶಾಯಿ ಹರಡುವುದು, ಸಾಲಾಗಿ ಕೂತ ನಮ್ಮ ಕಡೆಯ ಜನ. ಕನ್ನಡ ಕೇಳಿ ನನಗೆ ಊರಿಗೆ ಹೋಗಿ ಬಂದಷ್ಟು ಸಂತೋಷವಾಗುತ್ತಿತ್ತು.

ಅಂಥದೊಂದು ಮಳೆಗಾಲದಲ್ಲಿ ನಮ್ಮೂರ ಮಲ್ಲನಗೌಡರು ಬಂದರು. ನೂರೆಕರೆ ಹೊಲದ ಧಣಿ. ಅರಮನೆಯ ಮುಂದೆ ಹಾಯುವಾಗ ಯಾರೇ ಆಗಲಿ ಕೊಡೆ ಮಡಚಬೇಕು, ಕಾಲ್ಮರಿ ಕೈಯಲ್ಲಿ ಹಿಡಿಯಬೇಕು ಎಂದು ಸಂಸ್ಥಾನದ ಕಟ್ಟಳೆ. ಗೌಡರಿಗೆ ಅದರಿಂದ ಹಿಂದಿನ ರಾಜರು ವಿನಾಯಿತಿ ಕೊಟ್ಟಿದ್ದರು. ಸಂಸ್ಥಾನದ ಆಡಳಿತ ನೋಡುವ ಹೊಸ ಕಾರಭಾರಿಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೇ ಮಾಡಿದನೋ, ಕೊಡೆ ಹಿಡಿದ ಗೌಡರನ್ನು ಅರಮನೆಯ ಬಾಗಿಲಲ್ಲಿ ಇಡೀ ಹಗಲು ಬಿಸಿಲಿಗೆ ನಿಲ್ಲಿಸಿದ.

"ಗೌಡ್ರ, ಊರ ಮಂದಿ ಎಲ್ಲಾ ದಿನಾ ಕೊಡಿ ಮಡಚತಾರಲ್ರಿ. ಅದಕ್ಕೂ ಸೇರಿಸಿ ಬರೀಲೇನು?" ಎಂದು ಕೇಳಿದೆ.

"ಮಂದೀದು ಬ್ಯಾಡೋ ಮಾರಾಯಾ," ಎಂದರು ಗೌಡರು. "ಮಂದಿ ಮಡಚ್ಲಿ. ನಂದಷ್ಟ ಬರಿ."

ಅವರದಷ್ಟೇ ಬರೆದೆ. ಕ್ಷಮೆಯ ಪತ್ರ ಬಂತು, ವಿನಾಯಿತಿ ಮರಳಿತು. ಆ ಮಾತನ್ನು ಅವತ್ತು ನಾನು ಹಗುರವಾಗಿ ತೆಗೆದುಕೊಂಡೆ. ಆದರೆ ಸಂಸ್ಥಾನ ನಿಂತದ್ದೇ ಆ ಮಾತಿನ ಮೇಲೆ ಎಂದು ಆಮೇಲೆ ತಿಳಿಯಿತು. ರಾಜನ ಹತ್ತಿರ ದಂಡು ಎಷ್ಟಿತ್ತು? ಮೂವತ್ತು ಸಿಪಾಯಿಗಳು, ಅವರಲ್ಲಿ ಅರ್ಧ ಮುದುಕರು. ಅವನ ನಿಜವಾದ ಬಲ ವಿನಾಯಿತಿ. ಒಬ್ಬನ ಹೆಗಲಿನ ಭಾರ ಇಳಿಸಿ ಅವನ ಕೆಳಗಿನವನ ಹೆಗಲಿಗೆ ಹಾಕುವುದು. ಇಳಿಸಿಕೊಂಡವನು ಸುಮ್ಮನಿರುತ್ತಾನೆ, ಹೊತ್ತವನು ತನಗಿಂತ ಕೆಳಗೆ ಯಾರಿದ್ದಾರೆಂದು ನೋಡುತ್ತಾನೆ. ಮೇಲು ಕೀಳು ಎಷ್ಟು ಹೆಚ್ಚೋ ರಾಜ ಅಷ್ಟು ಭದ್ರ.

ಅದಾದ ಎರಡು ವರ್ಷಕ್ಕೆ ಕಾಶವ್ವ ಬಂದಳು. ನಾನು ಈ ಬರಹಕ್ಕೆ ಕೂತದ್ದೇ ಅವಳಿಗಾಗಿ.

ಕಾಶವ್ವ ನಮ್ಮೂರ ಹೊರಗಿನ ಕೇರಿಯವಳು. ರಾಜರು ಬೇಟೆಗೆ ಹೊರಟರೆ ಹಳ್ಳಿಗಳಿಂದ ಬಿಟ್ಟಿ ಚಾಕರಿಗೆ ಜನ ಹೋಗಬೇಕಿತ್ತು. ಪೊದೆ ಬಡಿದು, ಕೂಗಿ, ಮಿಗಗಳನ್ನು ರಾಜರ ಬಂದೂಕಿನ ಕಡೆ ಅಟ್ಟುವ ಕೆಲಸ. ಕೂಲಿ ಇಲ್ಲ, ಊಟ ಇಲ್ಲ. ಆ ಸಲ ಬೇಟೆ ಬಿದ್ದದ್ದು ಸರಿಯಾಗಿ ಹಿಂಗಾರಿ ಬಿತ್ತನೆಯ ಹದದಲ್ಲಿ. ಕಾಶವ್ವನ ಗಂಡ ದುರಗಪ್ಪ, "ಇವತ್ತು ಬಿತ್ತಲಿಲ್ಲ ಅಂದ್ರ ವರ್ಷ ಪೂರ್ತಿ ಉಪವಾಸ, ನಾ ಬರೂದಿಲ್ಲ" ಎಂದುಬಿಟ್ಟ. ಅವನನ್ನು ಒಯ್ದು ಅರಮನೆಯ ಹಿಂದಿನ ಕೋಣೆಯಲ್ಲಿ ಕಾಲಿಗೆ ಕೋಳ ಹಾಕಿ ಕೂಡಿಸಿದರು. ವಿಚಾರಣೆ ಇಲ್ಲ, ಇಂತಿಷ್ಟು ದಿನ ಎಂಬುದಿಲ್ಲ. ರಾಜರಿಗೆ ಮನಸ್ಸು ಬಂದಾಗ ಬಿಡುಗಡೆ.

ಬಿತ್ತನೆ ತಪ್ಪಿದ್ದು ಊರಿಗೆಲ್ಲ ಬಿಸಿ ಮುಟ್ಟಿಸಿತ್ತು. ಗೌಡರು ಮುಂದಾಗಿ, ಬಣಜಿಗರ ಶೆಟ್ಟರನ್ನೂ ಕೆಲವು ರೈತರನ್ನೂ ಕರೆದುಕೊಂಡು ಪುಣೆಗೆ ಬಂದರು. ಕೇರಿಯಿಂದ ಕಾಶವ್ವ ಮತ್ತು ಹತ್ತು ಹನ್ನೆರಡು ಮಂದಿ ಅದೇ ಗಾಡಿಗೆ ಬಂದು, ಕಟ್ಟೆ ಹತ್ತದೆ ಕೆಳಗೆ ಮಳೆಯಲ್ಲಿ ಕೂತರು. ನಾನು ಒಳ್ಳೆಯ ಅರ್ಜಿ ಬರೆದೆ. ಈ ಸಲ ಬೇಕಾದದ್ದನ್ನು ಮೊದಲ ಸಾಲಿನಲ್ಲೇ ಕೇಳಿದ್ದೆ: ದುರಗಪ್ಪನ ಬಿಡುಗಡೆ, ಬಿತ್ತನೆಯ ಕಾಲದಲ್ಲಿ ಬಿಟ್ಟಿ ಚಾಕರಿ ಇಲ್ಲ. ತಾತ್ಯಾ ಓದಿ ತಲೆಯಾಡಿಸಿದರು.

ಆಮೇಲೆ ಸಹಿ. ನಮ್ಮ ಕಡೆಯ ರೂಢಿ ಹೇಗೆಂದರೆ, ಬರಹದ ಕೆಳಗೆ ಮೊದಲು ಗೌಡರು, ಆಮೇಲೆ ಶೆಟ್ಟರು, ಆಮೇಲೆ ರೈತರು. ಹೊರಗಿನ ಕೇರಿಯವರದು ಬೇರೆ ಹಾಳೆ, ಬೇರೆ ಶಾಯಿಮೆತ್ತೆ. ಅಪ್ಪ ಊರ ಕಾಗದಗಳನ್ನೆಲ್ಲ ಹಾಗೆಯೇ ಮಾಡುತ್ತಿದ್ದರು. ನಾನೂ ಏನನ್ನೂ ಯೋಚಿಸದೆ ಒಂದು ಖಾಲಿ ಹಾಳೆ ತೆಗೆದು, ಕೆಳಗಿಳಿದು, ಹಲಗೆಯ ಮೇಲಿಟ್ಟು ಅವರ ಮುಂದೆ ಚಾಚಿದೆ. ಮೇಲರ್ಧ ಖಾಲಿ, ಕೆಳಗರ್ಧದಲ್ಲಿ ಹೆಬ್ಬೆಟ್ಟು.

ಕಾಶವ್ವ ಹೆಬ್ಬೆರಳು ಎತ್ತಿ ಹಿಡಿದುಕೊಂಡೇ ಕೇಳಿದಳು: "ರಾಯರ, ಗೌಡ್ರು ಸಹಿ ಹಾಕಿದ ಹಾಳ್ಯಾಗ ಬರಹ ಅದ. ಇದರಾಗ ಏನೂ ಇಲ್ಲಲ್ರಿ?"

"ಎರಡೂ ಕೂಡಿಸಿ ಹೊಲೀತೀನವ್ವಾ. ಪದ್ಧತಿ ಹಂಗದ," ಎಂದೆ.

"ಕೋಳದಾಗ ಕೂತಾಂವ ನನ್ನ ಗಂಡ. ನನ್ನ ಹೆಬ್ಬೆಟ್ಟು ಬ್ಯಾರೆ ಹಾಳಿ ಮ್ಯಾಲ ಯಾಕ್ರಿ?"

"ಒತ್ತವ್ವಾ, ಹೊತ್ತಾತು" ಎಂದೆ. ಅವಳು ಒತ್ತಿದಳು. ಎರಡು ಹಾಳೆಗಳನ್ನು ದಾರದಿಂದ ಹೊಲಿದು ಲಾಟಸಾಹೇಬರ ಕಚೇರಿಗೆ ಮುಟ್ಟಿಸಿದೆ.

ಕಚೇರಿಗಳ ಒಂದು ಚಾಳಿ ಹೊಸಬರು ತಿಳಿದಿರಲಿ. ಯಾರ ಮೇಲೆ ದೂರೋ ಅವರಿಗೇ ದೂರನ್ನು ಕಳಿಸಿ "ನಿಮ್ಮ ಅಭಿಪ್ರಾಯ ತಿಳಿಸಿ" ಎನ್ನುತ್ತಾರೆ. ನಮ್ಮ ಅರ್ಜಿ ನೆಟ್ಟಗೆ ಕಾರಭಾರಿಯ ಕೈಗೆ ಹೋಯಿತು. ಅವನು ಬುದ್ಧಿವಂತ. ಮೇಲಿನಿಂದ ಐದು ಸಹಿ ಎಣಿಸಿದ; ಆ ಐದು ಮನೆಗಳಿಗೆ ಬಿಟ್ಟಿ ಚಾಕರಿಯಿಂದ ವಿನಾಯಿತಿ ಕೊಟ್ಟ. ಗೌಡರೂ ಶೆಟ್ಟರೂ ದೂರು ಹಿಂತೆಗೆದುಕೊಂಡೆವೆಂದು ಬರೆದುಕೊಟ್ಟರು. ಕಾರಭಾರಿ ದಾರ ಬಿಚ್ಚಿ ಎರಡನೆಯ ಹಾಳೆಯನ್ನು ತೆಗೆದಿಟ್ಟುಕೊಂಡ; ಬರಹವೇ ಇಲ್ಲದ ಹಾಳೆ, ಅದಕ್ಕೆ ಉತ್ತರ ಕೊಡಬೇಕಾಗಿಯೂ ಇಲ್ಲ. ದುರಗಪ್ಪ ಕೋಳದಲ್ಲೇ ಉಳಿದ. ಐದು ಮನೆಯ ಚಾಕರಿಯ ಪಾಲು ಉಳಿದವರ ಮೇಲೆ ಬಿತ್ತು.

ಇದು ನನ್ನ ವೃತ್ತಿಯ ದೊಡ್ಡ ತಪ್ಪು. ಕಾರಭಾರಿಗೆ ಯಾರನ್ನು ಕೊಳ್ಳಬೇಕೆಂದು ಮೇಲಿನಿಂದ ಕೆಳಗೆ ಯಾದಿ ಮಾಡಿಕೊಟ್ಟವನು ನಾನೇ. ಹರಿದುಕೊಳ್ಳಲು ಅನುಕೂಲವಾಗಲೆಂದು ಹಾಳೆ ಬೇರೆ ಮಾಡಿದವನೂ ನಾನೇ. ತಾತ್ಯಾ ಮಾತ್ರ ನನ್ನನ್ನು ಬೈಯಲಿಲ್ಲ, ಅವರೂ ಹಾಗೆಯೇ ಮಾಡುತ್ತಿದ್ದರು.

ಮರುವರ್ಷ ಮಳೆಗಾಲ ಹಿಡಿದ ಮೊದಲ ವಾರವೇ ಕಾಶವ್ವ ಒಬ್ಬಳೇ ಬಂದಳು. ಈ ಸಲ ಮಳೆಯಲ್ಲಿ ಕೂಡಲಿಲ್ಲ, ಕಟ್ಟೆಯ ಮೇಲೆ ಬಂದು ಕೂತಳು. ಮೇಲಿನ ಮಹಡಿಯ ಬಾಡಿಗೆದಾರರೊಬ್ಬರು ಇಣುಕಿ ಮೂಗು ಮುರಿದರು. ನಾನು ನೋಡದವನ ಹಾಗೆ ಇದ್ದೆ. ಗಂಡನ ಕಾಲು ಕೋಳದಲ್ಲಿ ಹುಣ್ಣಾಗಿದೆ, ಇನ್ನೊಂದು ಬೇಸಿಗೆ ಅವನು ತಡೆಯಲಾರ ಎಂದಳು.

"ಇನ್ನೊಂದು ಅರ್ಜಿ ಬರೀತೀನಿ," ಎಂದೆ. "ಒಂದೇ ಹಾಳಿ. ನಿನ್ನ ಹೆಬ್ಬೆಟ್ಟು ಎಲ್ಲಾರಕ್ಕಿಂತ ಮೊದಲು."

ಅವಳು ತಲೆ ಅಡ್ಡ ಆಡಿಸಿದಳು. "ಮೊದಲ ಇದ್ದವರನ್ನ ಕಾರಭಾರಿ ಏನ್ ಮಾಡ್ತಾನ ನೋಡೀವಲ್ರಿ. ಒಂದೋ ಕೊಂಡ್ಕೋತಾನ, ಇಲ್ಲಾ ಕೋಳಕ್ಕ ಹಾಕ್ತಾನ. ಮೊದಲ ಅನ್ನೂದ ಬ್ಯಾಡ್ರಿ."

"ಹಂಗಾದ್ರ ಹೆಂಗವ್ವಾ? ಕಾಗದ ಅಂದಮ್ಯಾಲ ಮ್ಯಾಲ ಒಬ್ಬಾಂವ, ಕೆಳಗ ಒಬ್ಬಾಂವ ಇರೂದ."

"ನಮ್ಮ ಕೇರ್ಯಾಗ ಪಂಚಾಯತಿ ಕೂತ್ರ ದುಂಡಗ ಕೂಡ್ತೀವ್ರಿ, ನಡುವ ಮಾತು. ಹಂಗ ಬರೀರಿ."

ಹತ್ತು ವರ್ಷ ಅಕ್ಷರ ತಿದ್ದಿದ ನನಗೆ ಹೊಳೆಯದ್ದು ಅಕ್ಷರ ತಿಳಿಯದ ಅವಳಿಗೆ ಹೊಳೆಯಿತು. ಮಂಡಈಗೆ ಹೋಗಿ ಹಣ್ಣಿನ ಪೆಟ್ಟಿಗೆಗೆ ಹಾಸುವಷ್ಟು ದೊಡ್ಡದಾದ ಒಂದು ಗಟ್ಟಿ ಹಾಳೆ ತಂದೆ. ನಟ್ಟನಡುವೆ ಹನ್ನೆರಡು ಸಾಲಿನ ಅರ್ಜಿ. ಸುತ್ತಲೂ ಖಾಲಿ. ಯಾವ ಬದಿಯಿಂದ ಕತ್ತರಿಸಿದರೂ ಹೆಬ್ಬೆಟ್ಟುಗಳ ಉಂಗುರ ತುಂಡಾದದ್ದು ಕಾಣಲೇಬೇಕು. ಹೆಸರು ಬರೆಯದ ಹೆಬ್ಬೆಟ್ಟು ಕಾಯಿದೆಗೆ ನಿಲ್ಲುವುದಿಲ್ಲ ಎಂದು ತಾತ್ಯಾ ಗದರಿಸಿದರು. ಅದಕ್ಕೂ ಒಂದು ಸಾಲು ಸೇರಿಸಿದೆ: "ಹೆಸರು ಬರೆದರೆ ಬರೆಸಿದವರಿಗೆ ಕೋಳ ಬೀಳುವ ಭಯವಿದೆ. ಸಾಹೇಬರು ಊರಿಗೆ ದಯಮಾಡಿಸಿದರೆ ಪ್ರತಿಯೊಬ್ಬರೂ ತಮ್ಮ ಗುರುತನ್ನು ತಾವೇ ತೋರಿಸುವರು." ಕಾಶವ್ವ ಹಾಳೆಯನ್ನು ಸುರುಳಿ ಸುತ್ತಿ, ಜೋಳದ ಚೀಲದಲ್ಲಿ ಹುದುಗಿಸಿಕೊಂಡು ಊರಿಗೆ ಹೋದಳು.

ಊರವರು ಒತ್ತುತ್ತಾರೆಂಬ ನಂಬಿಕೆ ನನಗೆ ಇರಲಿಲ್ಲ. ಅವಳ ಹೆಬ್ಬೆಟ್ಟಿನ ಮಗ್ಗುಲಲ್ಲಿ, ಅದೇ ಮೆತ್ತೆಯಲ್ಲಿ ಅದ್ದಿ, ಯಾವ ರೈತ ಒತ್ತಿಯಾನು? ಮೂರು ವಾರವಾಯಿತು. ನಾಲ್ಕನೆಯ ವಾರ ಕಟ್ಟೆಯ ಮುಂದೆ ಟಾಂಗಾ ನಿಂತಿತು. ಇಳಿದವರು ಮಲ್ಲನಗೌಡರು. ಅವರ ಹಿಂದೆ ಕಾಶವ್ವ.

ಹಾಳೆ ಬಿಚ್ಚಿದೆ. ನಡುವಿನ ಬರಹದ ಸುತ್ತ ಮೂರು ಸುತ್ತು ಹೆಬ್ಬೆಟ್ಟುಗಳು. ಯಾವುದು ಯಾರದೋ ದೇವರೇ ಬಲ್ಲ. ಚಾಕರಿಯ ಭಾರ ಎರಡು ಪಟ್ಟಾದ ರೈತರೆಲ್ಲ ಒತ್ತಿದ್ದರು. ನನ್ನ ಅಣ್ಣ ಒತ್ತಿರಲಿಲ್ಲ. ಅರಮನೆಯ ಅನ್ನ ಉಂಡವನು ಒತ್ತುವುದಿಲ್ಲ ಎಂದು ಹೇಳಿ ಕದ ಹಾಕಿಕೊಂಡಿದ್ದನಂತೆ.

"ಗೌಡ್ರ, ನಿಮಗ ವಿನಾಯಿತಿ ಅದಲ್ರಿ," ಎಂದೆ. ಸ್ವಲ್ಪ ಚುಚ್ಚುವ ಹಾಗೆಯೇ ಹೇಳಿದೆ, ಸುಳ್ಳೇಕೆ.

ಗೌಡರು ತಲೆಯ ಪಟಗ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಇತ್ತು. ಮನ್ನೆ ಕಾರಭಾರಿ ಹೇಳಿ ಕಳಿಸಿದ, ಈ ವರ್ಷ ನಿಮ್ಮ ಬಂಡಿ ಎತ್ತು ಎಲ್ಲಾ ಬೇಟೆಗೆ ಬರಬೇಕು ಅಂತ. ವಿನಾಯಿತಿ ಅದ ಅಂದೆ. ರಾಜರು ಕೊಟ್ಟಿದ್ರು, ಈಗ ರಾಜರು ತೊಗೊಂಡಾರ ಅಂದ. ಕೊಡಾವ್ರೂ ಅವರ, ಕಸಗೊಳ್ಳಾವ್ರೂ ಅವರ. ಹಂಗಾದ್ರ ನನಗೂ ಈಕಿಗೂ ಏನ್ ಫರಕ್ ಉಳೀತೋ?"

ನಾನು ರೂಢಿಯಂತೆ ಟಾಕು ಅದ್ದಿ ಅವರ ಕೈಗೆ ಕೊಡಹೋದೆ. ಗೌಡರ ಸಹಿ ಬಲು ಠೀವಿಯದು, ಬಾಲಕ್ಕೇ ಎರಡು ಸುತ್ತು. ಕಾಶವ್ವ ಮೆಲ್ಲಗೆ ಹೇಳಿದಳು: "ಗೌಡ್ರ, ನಿಮ್ಮ ಸಹಿ ಕಾರಭಾರಿಗೆ ಗುರ್ತ ಅದ. ಹೆಬ್ಬೆಟ್ಟು ಗುರ್ತ ಇಲ್ಲ."

ಗೌಡರು ಟಾಕನ್ನೊಮ್ಮೆ, ಮೆತ್ತೆಯನ್ನೊಮ್ಮೆ ನೋಡಿದರು. ಓದು ಬಲ್ಲವನು ಹೆಬ್ಬೆಟ್ಟು ಒತ್ತುವುದೆಂದರೆ ನಮ್ಮ ಕಡೆ ಸಣ್ಣ ಅವಮಾನವಲ್ಲ. ಕೊನೆಗೆ ಮೆತ್ತೆಯನ್ನು ತಮ್ಮ ಕಡೆ ಎಳೆದುಕೊಂಡು, ಎಡಗೈ ಹೆಬ್ಬೆರಳು ಅದ್ದಿ, ಎರಡು ಗುರುತುಗಳ ನಡುವೆ ಜಾಗ ನೋಡಿ ಒತ್ತಿದರು. ತಾತ್ಯಾ ಅಡಿಕೆ ಉಗುಳುವ ನೆಪದಲ್ಲಿ ಎದ್ದು ಹೋದರು.

ಹೆಸರಿಲ್ಲದ ಅರ್ಜಿಯೆಂದು ಕಚೇರಿಗೆ ಅದನ್ನು ತಳ್ಳಿಹಾಕಲೂ ಆಗಲಿಲ್ಲ, ಅಷ್ಟು ದೊಡ್ಡ ಹಾಳೆ ಯಾವ ಪೆಟ್ಟಿಗೆಯಲ್ಲೂ ಹಿಡಿಸುತ್ತಿರಲಿಲ್ಲ. ಮೇಜಿನಿಂದ ಮೇಜಿಗೆ ಹೋಗಿ ಎಲ್ಲರೂ ನೋಡುವ ವಸ್ತುವಾಯಿತು. ಕೊನೆಗೆ ಒಬ್ಬ ಸಾಹೇಬರು ವಿಚಾರಣೆಗೆ ಊರಿಗೆ ಹೊರಟರು. ಅವರ ಕಣ್ಣಿಗೆ ಕೋಳ ಬೀಳಬಾರದೆಂದು ಕಾರಭಾರಿ ಹಿಂದಿನ ದಿನವೇ ದುರಗಪ್ಪನನ್ನು ಬಿಟ್ಟುಬಿಟ್ಟ. ಮರುದಿನ ಚಾವಡಿಯಲ್ಲಿ ಸಾಹೇಬರು ಹಾಳೆ ಹರವಿ, ಇದನ್ನು ಶುರು ಮಾಡಿದವರು ಯಾರು ಎಂದು ಕೇಳಿದರಂತೆ. ಊರಿಗೆ ಊರೇ ಹೆಬ್ಬೆರಳು ಚಾಚಿ ಸಾಲಾಗಿ ನಿಂತಿತಂತೆ. ಯಾರು ಮೊದಲು ಒತ್ತಿದರೆಂದು ನಿಜವಾಗಿಯೂ ಯಾರಿಗೂ ನೆನಪಿರಲಿಲ್ಲ. ಬಿತ್ತನೆಯ ಕಾಲದ ಬಿಟ್ಟಿ ಚಾಕರಿ ಆ ವರ್ಷ ನಿಂತಿತು. ದುರಗಪ್ಪ ಕುಂಟುತ್ತಲೇ ಹದಿನಾಲ್ಕು ವರ್ಷ ಬಿತ್ತಿದ, ಬೆಳೆದ.

ಟೈಪಿಸ್ಟ್ ಮಹನೀಯರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಅಸಮಾನತೆ ಮೊದಲು ರಾಜನನ್ನು ಕಾಯುತ್ತದೆ, ನಿಜ. ಆದರೆ ಒಬ್ಬನ ಮರ್ಜಿಯೇ ಕಾಯಿದೆ ಆದಲ್ಲಿ ಮೇಲಿದ್ದವನ ಮೇಲ್ಮೆಯೂ ಎರವಲು ಅಂಗಿಯಂತೆ, ಯಾವಾಗ ಬಿಚ್ಚಿಸುತ್ತಾರೋ ತಿಳಿಯದು. ಕೆಳಗಿನವನಿಗೆ ಭಾರ ತಡೆಯಲಾಗದ ದಿನವೂ ಮೇಲಿನವನಿಗೆ ತನ್ನ ವಿನಾಯಿತಿ ಸುಳ್ಳೆಂದು ತಿಳಿಯುವ ದಿನವೂ ಒಂದೇ ಸಲ ಬಂದಾಗ ಜನ ಏಳುತ್ತಾರೆ. ಹೇಳಿಕೊಳ್ಳಲು ಊರಲ್ಲಿ ಬಾಗಿಲಿಲ್ಲ, ಹಳ್ಳದ ಆಚೆಯ ಇಂಗ್ಲಿಷ್ ಸೀಮೆಯವನಿಗೆ ಈ ಕಾಟವಿಲ್ಲ ಎಂಬುದು ದಿನಾ ಕಣ್ಣಿಗೆ ಬೀಳುತ್ತದೆ. ಹಸಿವು ಇದ್ದದ್ದೇ, ಆದರೆ "ಅವನಿಗಿಲ್ಲದ್ದು ನನಗ್ಯಾಕೆ" ಎಂಬ ಮಾತನ್ನು ನಾನು ಕೇಳಿದಷ್ಟು ಸಲ "ಹಸಿದಿದ್ದೇನೆ" ಎಂಬುದನ್ನು ಕೇಳಿಲ್ಲ.

ಆಮೇಲೆ ಕಸುಬು ಬಹಳ ಬದಲಾಯಿತು. ಖಡಕಿಯ ದಂಡಿನವರು ಹರಾಜು ಹಾಕಿದ ಒಂದು ಟೈಪರೈಟರು ಕೊಂಡೆ, ಅದರ ಸದ್ದಿಗೆ ತಾತ್ಯಾ ಕಟ್ಟೆಗೆ ಬರುವುದನ್ನೇ ಬಿಟ್ಟರು. ಸಂಸ್ಥಾನಗಳ ಪ್ರಜೆಗಳ ಸಭೆಗಳು ಪುಣೆಯಲ್ಲಿ ಸೇರತೊಡಗಿದವು. "ಚರಣಕಮಲಗಳಿಗೆ" ಎಂದು ಶುರುಮಾಡುತ್ತಿದ್ದವರು "ನಾವು" ಎಂದು ಶುರುಮಾಡಿದರು. ಅರ್ಜಿ ಹೋಗಿ ಠರಾವು ಬಂತು. ಬಿನ್ನಹ ಹೋಗಿ ಬೇಡಿಕೆ ಬಂತು. ನಾನು ಮೊದಮೊದಲು ಹಳೆಯ ಚಟದಿಂದ ಠರಾವಿನ ಕೊನೆಗೂ "ತಮ್ಮ ಆಜ್ಞಾಧಾರಕ" ಎಂದು ಹೊಡೆದು ಬೈಸಿಕೊಂಡಿದ್ದೇನೆ.

ಒಂದು ಠರಾವಿನ ಜೊತೆ ನಾನೂ ಊರಿಗೆ ಹೋದೆ. ಜಡಿಮಳೆ. ಸುತ್ತಲಿನ ಹಳ್ಳಿಗಳ ಜನ ಅರಮನೆಯ ಮುಂದೆ ಬಂದು ನಿಂತರು, ಕಾಲಲ್ಲಿ ಕಾಲ್ಮರಿ, ತಲೆಯ ಮೇಲೆ ಬಿಚ್ಚಿದ ಕೊಡೆ. ಕೂಗಾಟವಿಲ್ಲ, ಕಲ್ಲಿಲ್ಲ. ಕೊಡೆ ಇಲ್ಲದವರು ಕಂಬಳಿಯ ಕೊಪ್ಪೆ ಹೊದ್ದಿದ್ದರು, ಅವರಲ್ಲಿ ಮಲ್ಲನಗೌಡರೂ ಒಬ್ಬರು. ಅವರ ಬೆತ್ತದ ಹಿಡಿಕೆಯ ಕೊಡೆ ಎಲ್ಲಿ ಎಂದು ನೋಡಿದೆ. ಅದು ಕಾಶವ್ವನ ಕೈಯಲ್ಲಿತ್ತು. ಮೇಲಿನ ಕಿಟಕಿಯಲ್ಲಿ ರಾಜರು ಬಂದು ನಿಂತರು, ಬಹಳ ಹೊತ್ತು ನೋಡಿದರು, ಒಳಗೆ ಹೋದರು. ಸಿಪಾಯಿಗಳಿಗೂ ಮಳೆ ಹೊಡೆಯುತ್ತಿತ್ತು, ಅವರಲ್ಲಿ ಒಬ್ಬ ಯಾರದೋ ಕೊಡೆಯ ಕೆಳಗೆ ಬಂದು ನಿಂತ. ವಾರದೊಳಗೆ ಪ್ರಜೆಗಳ ಮಾತು ಕೇಳಲು ಒಂದು ಸಭೆ ಮಾಡುತ್ತೇವೆಂದು ಅರಮನೆಯಿಂದ ಕಾಗದ ಬಂತು. ಬಿಟ್ಟಿ ಚಾಕರಿ ಪೂರ್ತಿ ಹೋಯಿತು.

ಈಗ ನಲವತ್ತೇಳನೆಯ ಇಸವಿ. ದೇಶಕ್ಕೆ ಸ್ವಾತಂತ್ರ್ಯ ಬಂದಿದೆ. ನಮ್ಮ ರಾಜರೂ ಅಧಿಕಾರ ಪ್ರಜೆಗಳಿಗೆ ಒಪ್ಪಿಸುತ್ತೇನೆಂದು ಸಹಿ ಹಾಕಿದ್ದಾರೆ. ನಾನು ಮೇಜು ಖಾಲಿ ಮಾಡುತ್ತಿದ್ದ ವಾರ ಕಾಶವ್ವ ಬಂದಳು. ತಲೆ ಪೂರ್ತಿ ಬೆಳ್ಳಗಾಗಿದೆ. ಸೆರಗಿನ ಗಂಟು ಬಿಚ್ಚಿ ಒಂದು ಹಳದಿ ಹಾಳೆ ನನ್ನ ಮುಂದಿಟ್ಟಳು. ಸಂಸ್ಥಾನದ ದಫ್ತರ ಬರಿದು ಮಾಡುವಾಗ ಒಬ್ಬ ಗುಮಾಸ್ತನಿಗೆ ಸಿಕ್ಕಿತಂತೆ.

ಮೇಲರ್ಧ ಖಾಲಿ. ಕೆಳಗೆ ಹನ್ನೆರಡು ಹೆಬ್ಬೆಟ್ಟು. ಅಂಚಿನಲ್ಲಿ ದಾರ ಹೊಲಿದ ತೂತುಗಳು.

"ಇವರಾಗ ಆರು ಮಂದಿ ಈಗಿಲ್ರಿ," ಎಂದಳು. "ಉಳದಾವ್ರು ಅದೀವಿ. ಮ್ಯಾಲ ಏನೂ ಬರದಿಲ್ಲ ನೋಡ್ರಿ, ಈಗ ಬರೀರಿ."

"ಏನು ಬರೀಲವ್ವಾ? ರಾಜಾನ ಹೋದನಲ್ಲ."

"ರಾಜಾ ಹೋದಾ. ನಮ್ಮ ಹೆಬ್ಬೆಟ್ಟು ಇನ್ನೂ ಬ್ಯಾರೆ ಹಾಳ್ಯಾಗ ಅದಾವ್ರಿ. ಬ್ಯಾಸಿಗ್ಯಾಗ ಹಳ್ಳ ಬತ್ತಿದ್ರ ನಮಗ ನೀರಿಲ್ಲ. ಊರ ಬಾವಿ ನಿಮ್ಮ ಮನಿ ಮುಂದ ಅದ, ಹಗ್ಗ ನಿಮ್ಮ ಅಣ್ಣಾರ ಪಡಸಾಲ್ಯಾಗ ಅದ. ಊರಿಗೇ ಬರೀರಿ. ನಮ್ಮ ಕೂಡ ಹೆಬ್ಬೆಟ್ಟು ಒತ್ತಿದ ಮಂದಿ ನಮ್ಮ ಕೂಡ ನೀರು ಸೇದ್ಲಿ ಅಂತ."

ಟೈಪರೈಟರು ಬೇಡವೆನಿಸಿತು. ಟಾಕು ಹುಡುಕಿ, ಕನ್ನಡದಲ್ಲೇ ಆರು ಸಾಲು ಬರೆದೆ. ಬರೆದು ಮುಗಿಸಿದ ಮೇಲೆ ಅವಳು ಶಾಯಿಮೆತ್ತೆಯನ್ನು ನನ್ನ ಕಡೆ ಸರಿಸಿದಳು. ತಾತ್ಯಾರ ಮೂರನೆಯ ನಿಯಮ ನೆನಪಾಯಿತು. ಆದರೆ ಈ ಜಗಳ ಅವರದು ಮಾತ್ರ ಎಂದು ಹೇಳುವ ಬಾಯಿ ನನಗಿರಲಿಲ್ಲ. ಅವಳ ಗುರುತಿನ ಪಕ್ಕದಲ್ಲಿ ಒಂದು ಬೆರಳಿನಷ್ಟು ಜಾಗವಿತ್ತು, ಅಲ್ಲಿ ಒತ್ತಿದೆ.

ನಿನ್ನೆ ಅಣ್ಣನ ಪತ್ರ ಬಂತು. ಎರಡು ಪುಟ ಬೈಗುಳ. ಮನೆತನದ ಮರ್ಯಾದೆ ತೆಗೆದವನು, ಪುಣೆಯ ನೀರು ಕುಡಿದು ಕೆಟ್ಟವನು, ಓದಿದ್ದೂ ಹೆಬ್ಬೆಟ್ಟು ಒತ್ತಿದವನು. ಮಲ್ಲನಗೌಡರು ಆ ಹಾಳೆ ಹಿಡಿದು ಬಂದು ಮನೆಯ ಕಟ್ಟೆಯ ಮೇಲೆ ಕೂತು ಏಳಲೇ ಇಲ್ಲವೆಂದೂ, ಅವರ ಕಾಟಕ್ಕೆ ಊಟ ಸೇರಲಿಲ್ಲವೆಂದೂ ಬರೆದಿದ್ದಾನೆ. ಕೊನೆಯಲ್ಲಿ, ಸಹಿಯ ಕೆಳಗೆ, ಸಣ್ಣ ಅಕ್ಷರದಲ್ಲಿ ಇಷ್ಟು: "ಬಾವಿಯ ಹಗ್ಗ ಹಳೆಯದಾಗಿದೆ. ಇನ್ನು ಅಷ್ಟು ಜನ ಸೇದಿದರೆ ತಾಳುವುದಿಲ್ಲ. ಪುಣೆಯಲ್ಲಿ ಗಟ್ಟಿಯದು ಸಿಗುತ್ತದಂತೆ, ಅರವತ್ತು ಮೊಳ ಕಳಿಸು."

ರವಿವಾರ ಪೇಟೆಯಲ್ಲಿ ಹಗ್ಗದ ಅಂಗಡಿಗಳು ಇಷ್ಟು ಹೊತ್ತಿಗೆ ತೆರೆದಿರುತ್ತವೆ. ಚೀಲ ಹಿಡಿದು ಹೊರಟಿದ್ದೇನೆ. ಅರವತ್ತಲ್ಲ, ಎಂಬತ್ತು ಮೊಳ ತರುತ್ತೇನೆ.